ಕಣ್ಣಕ್ಕನ ಕುಂಚದ ಪೆಟ್ಟಿಗೆ

ಬೆಳಕು ಹರಿಯುವ ಮೊದಲೇ ಹಾಲು ಕಾಯಿಸಿ, ಅತ್ತೆಯ ಮಾತ್ರೆಗಳನ್ನು ಬಟ್ಟಲಿಗೆ ಹಾಕಿಟ್ಟು, ಮಗಳ ಡಬ್ಬಿ ಕಟ್ಟಿ, ಗಂಡನ ಅಂಗಿಗೆ ಇಸ್ತ್ರಿ ಹಾಕಿ, ರಾತ್ರಿಯ ಪಾತ್ರೆ ತೊಳೆದು ಕವುಚಿದ್ದಳು ಕಣ್ಣಕ್ಕ. ಆಮೇಲೆ ಕೈ ಒರೆಸಿಕೊಂಡು ಅಡುಗೆಮನೆಯ ಕಿಟಕಿ ಪಕ್ಕ ಸಪೂರ ಕುಂಚ ಹಿಡಿದು ಬೆಳಕಿಗೆ ಕಾಯುತ್ತ ಕೂತಳು. ದೀಪದಡಿ ನೋಡಿದ ಬಣ್ಣವನ್ನು ಅವಳು ನಂಬುವವಳಲ್ಲ.

ಅಪಘಾತದಲ್ಲೋ ಕಾಯಿಲೆಯಲ್ಲೋ ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡಿ ಕೂರಿಸುವುದು ಅವಳ ಕಸುಬು. ಆಸ್ಪತ್ರೆಯವರು ಕಣ್ಣಕ್ಕ ಎನ್ನುವುದು ಅದಕ್ಕೇ. ಬಿಳಿಭಾಗದ ನರಗಳಿಗೆ ಕೆಂಪು ರೇಷ್ಮೆ ದಾರದ ಎಳೆ ಬಿಡಿಸಿ ಅಂಟಿಸುತ್ತಾಳೆ. ಅದೇ ದಾರ ಅವಸರಕ್ಕೆ ಮಗಳ ಲಂಗದ ಅಂಚಿಗೂ ಆಗಿದೆ.

ಗಂಡ ಸೇತುವೆ ಇಂಜಿನಿಯರ್. ಒಂದು ಸೇತುವೆ ಮುಗಿದರೆ ಇನ್ನೊಂದು ದೇಶ, ಇನ್ನೊಂದು ಮಹಾನಗರ. "ದೊಡ್ಡ ಕೆಲಸ ಎಲ್ಲಿದ್ಯೋ ಅಲ್ಲಿಗೆ ಹೋಗ್ಲೇಬೇಕು ಕಣೇ, ಇಲ್ದಿದ್ರೆ ಕೈ ಜಡ್ಡುಗಟ್ಟತ್ತೆ" ಎನ್ನುತ್ತಿದ್ದ. ಹೀಗೆ ಮನೆ ಹೂಡಿದ್ದು ನಾಲ್ಕು ನಗರಗಳಲ್ಲಿ. ಪ್ರತಿ ಸಲ ಗಂಟುಮೂಟೆ ಕಟ್ಟಿದವಳು ಅವಳು. ಅಡುಗೆಮನೆ ಮೊದಲು ಬಿಚ್ಚಬೇಕು. ಅವಳ ಕುಂಚದ ಪೆಟ್ಟಿಗೆ ಬಿಚ್ಚುವುದು ಶಾಲೆ, ಡಾಕ್ಟರು, ಗ್ಯಾಸು, ಪರದೆ ಎಲ್ಲ ಒಂದು ದಾರಿಗೆ ಬಂದ ಮೇಲೆ. ಹೋದಲ್ಲೆಲ್ಲ ಹೊಸ ಪರೀಕ್ಷೆ, ಹೊಸ ಪರವಾನಗಿ, ಓನಾಮದಿಂದ ಶುರು. ಅವಳು ಪಾಸಾಗದೆ ಬಿಟ್ಟ ಊರಿಲ್ಲ.

ನೆಂಟರು ಗಂಡನ ಬಾಲಂಗೋಚಿ ಎಂದು ಮೂಗು ಮುರಿದರು. ಅವರಿಗೇನು ಗೊತ್ತು? ಮೊದಲ ನಗರದಲ್ಲಿ ಅವಳ ಕುಂಚಕ್ಕೆ ಕಂದು ಬಣ್ಣವೊಂದೇ ಒಲಿದಿತ್ತು. ಎರಡನೆಯದರಲ್ಲಿ ಬೂದು ಕಲಿತಳು. ಮೂರನೆಯದರಲ್ಲಿ ಹಸಿರು, ಅತ್ತು ಬಿಡುವಷ್ಟು ಸತಾಯಿಸಿದ ಹಸಿರು. ಈಗ ಯಾವ ನಾಡಿನವರು ಎದುರು ಕೂತರೂ ಅವರ ಕಣ್ಣಿಗೆ ಜೋಡಿ ಮಾಡಬಲ್ಲಳು. ಒಂದೇ ಊರಲ್ಲಿ ಬೇರುಬಿಟ್ಟಿದ್ದರೆ ಈ ಕೈ ಬರುತ್ತಿರಲಿಲ್ಲ.

ಆ ಕೈಯನ್ನೇ ಹುಡುಕಿಕೊಂಡು ಐದನೆಯ ನಗರದ ಮಕ್ಕಳ ಆಸ್ಪತ್ರೆಯೊಂದು ಕರೆದಿತ್ತು. ಕಣ್ಣು ಮಾಡುವ ವಿಭಾಗವನ್ನೇ ಹೊಸದಾಗಿ ಕಟ್ಟಿ ನಡೆಸಬೇಕಂತೆ. ಉತ್ತರ ಹೇಳಲು ಇವತ್ತೇ ಕೊನೆ.

ಗಂಡ ಕಾಫಿ ಲೋಟ ಹಿಡಿದು ಬಂದ. "ಇನ್ನೂ ಅದೇ ಯೋಚ್ನೆನಾ? ನಂಗೆ ಇಲ್ಲಿ ಖಾಯಂ ಆಯ್ತಲ್ಲ. ಇನ್ನಾದ್ರೂ ಒಂದ್ಕಡೆ ನೆಮ್ಮದಿಯಾಗಿರೋಣ."

"ನೀವು ಹೊರಟಾಗೆಲ್ಲ ನಾನು ಹೀಗಂದಿದ್ನಾ?"

"ಅದು ಕೆಲಸ ಕಣೇ."

"ಇದೇನ್ರೀ ಮತ್ತೆ?"

ಅವನು ಲೋಟ ಕೆಳಗಿಟ್ಟ. "ಅಲ್ಲ... ಮನೆ ಕಡೆ ಯಾರು?"

ಅತ್ತೆ ಮಾತ್ರೆ ನುಂಗಿ ಗಂಟಲು ಸರಿಮಾಡಿಕೊಂಡರು. "ಅಷ್ಟುದ್ದದ ಸೇತುವೆ ನಿಲ್ಲಿಸ್ತೀಯಲ್ಲೋ, ಒಲೆ ಮೇಲೊಂದು ಪಾತ್ರೆ ಇಡಕ್ಕಾಗಲ್ವಾ?"

ಮಗಳು ಕಿಸಕ್ಕೆಂದಳು. "ಅಪ್ಪ ಹಾಲು ಉಕ್ಕಿಸ್ತಾರೆ ಅಜ್ಜಿ."

"ಉಕ್ಕಿಸ್ಲಿ ಬಿಡು. ಒರೆಸೋದನ್ನೂ ಕಲೀತಾನೆ."

ನಗು ನಿಂತ ಮೇಲೆ ಮಗಳು ಸಣ್ಣ ದನಿಯಲ್ಲಿ ಕೇಳಿದಳು: "ನೀನೊಬ್ಳೇ ಹೋಗ್ತೀಯಾ ಅಮ್ಮ?"

ಕಣ್ಣಕ್ಕ ಕುಂಚ ಕೆಳಗಿಟ್ಟಳು. ಅತ್ತೆಯ ಮುಖ ನೋಡಿದಳು.

"ನನ್ನನ್ಯಾಕೆ ನೋಡ್ತೀಯ?" ಎಂದರು ಅವರು. "ಹೋಗು ಅನ್ನಲ್ಲ, ಇರು ಅಂತಾನೂ ಅನ್ನಲ್ಲ. ನಾಳೆ ಕೂಸು ಅತ್ರೆ ನನ್ನ ತಲೆಗೆ ಕಟ್ತೀಯ."

ಗಂಡ ಆಫೀಸಿಗೆ, ಮಗಳು ಶಾಲೆಗೆ ಹೊರಟರು. ಅತ್ತೆ ಬೇಕೆಂದೇ ಅಂಗಡಿಯ ನೆಪ ಹೇಳಿ ಚೀಲ ಹಿಡಿದರು. ಮನೆ ಖಾಲಿಯಾಯಿತು.

ಕಿಟಕಿಯಲ್ಲಿ ಒಳ್ಳೆಯ ಬೆಳಕಿತ್ತು. ಮಾಡುತ್ತಿದ್ದ ಕೃತಕ ಕಣ್ಣಿಗೆ ಕೊನೆಯ ಕೆಂಪೆಳೆ ಕೂರಿಸಿ, ಹಿಂದೆ ಮುಂದೆ ತಿರುಗಿಸಿದಳು. ಚೆನ್ನಾಗಿತ್ತು. ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಫೋನು ತೆಗೆದುಕೊಂಡಳು. "ಬರ್ತೀನಿ. ಆಸ್ಪತ್ರೆ ಹತ್ರ ಯಾವುದಾದ್ರೂ ಶಾಲೆ ಇದ್ಯಾ ನೋಡಿಟ್ಟಿರಿ. ಈ ವರ್ಷ ಮುಗಿದ್ಮೇಲೆ ಮಗಳು ಬರ್ತಾಳೋ ಇಲ್ವೋ, ಅದು ಅವಳಿಷ್ಟ."

ಅಟ್ಟದಿಂದ ಒಂದೇ ಒಂದು ಸೂಟ್‌ಕೇಸು ಇಳಿಸಿ ಧೂಳು ಕೊಡವಿದಳು. ಕುಂಚದ ಪೆಟ್ಟಿಗೆಯನ್ನು ಮೊದಲು ಇಟ್ಟಳು.