ಒಪ್ಪತ್ತಿನ ಭಾನುವಾರ

ಹೋದ ಭಾನುವಾರ ನನ್ನ ತಂಗಿ ವಸಂತಿ ಮಗಳೊಂದಿಗೆ ಭದ್ರಾವತಿಯಿಂದ ರವೀಂದ್ರನಗರದ ನಮ್ಮ ಮನೆಗೆ ಬಂದಿದ್ದಳು. ಬಿಸಿ ಒಬ್ಬಟ್ಟಿನ ಮೇಲೆ ತುಪ್ಪ ಬಿದ್ದ ಘಮ ಬೀದಿಯವರೆಗೂ ಹೋಗಿರಬೇಕು. ಮಗಳು ಅನಘಾ ಎರಡನೆಯದಕ್ಕೆ ಕೈಹಾಕಿದ್ದಳು. ತಾಯಿ ಮಾತ್ರ ಉಪ್ಪಿಲ್ಲದ ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದಳು. ನೀವು ನೋಡಿದ್ದರೆ ‘ಅಯ್ಯೋ ಪಾಪ’ ಅನ್ನುತ್ತಿದ್ದಿರಿ. ನನಗೆ ಇಬ್ಬರನ್ನೂ ನೋಡಿ ಹೆಮ್ಮೆಯಾಯಿತು. ಯಾಕೆಂದು ಹೇಳಲು ಕೊಂಚ ಹಿಂದಕ್ಕೆ ಹೋಗಬೇಕು.

ಅನಘಾಗೆ ಹದಿನಾರು ತುಂಬುವ ಹೊತ್ತಿಗೆ ಲೂಪಸ್ ಕಾಣಿಸಿಕೊಂಡಿತು. ಮೈ ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕೀಲುಗಳು ಊದಿದವು, ಬಿಸಿಲು ತಗುಲಿದರೆ ಕೆನ್ನೆ ಕೆಂಪೇಳುತ್ತಿತ್ತು. ಸ್ಟೀರಾಯ್ಡ್ ಮಾತ್ರೆ ಕಾಯಿಲೆಯನ್ನು ಹತೋಟಿಗೆ ತಂದಿತು, ಜೊತೆಗೆ ಮೂಳೆಯನ್ನೂ ಸವೆಸಿತು. ಬಿಸಿಲಿಗೆ ಹೋಗುವಂತಿಲ್ಲ, ಬಿಸಿಲಿನಿಂದ ಸಿಗುವ ವಿಟಮಿನ್ ಡಿ ಇಲ್ಲದೆ ಮೂಳೆ ಗಟ್ಟಿಯಾಗುವಂತಿಲ್ಲ. ಅದಕ್ಕೆಂದು ಡಾಕ್ಟರು ವಾರಕ್ಕೊಂದು ಪೊಟ್ಟಣ ಪುಡಿ ಬರೆದುಕೊಟ್ಟರು. ಮೂಳೆಯ ಸ್ಕ್ಯಾನ್ ಸುಧಾರಿಸುವವರೆಗೆ ಭರತನಾಟ್ಯ ಬೇಡ ಎಂದೂ ಹೇಳಿದರು. ನಡೆಯಲು ಕಲಿತಾಗಿನಿಂದ ಕುಣಿಯುತ್ತಿದ್ದ ಹುಡುಗಿಗೆ ಕಾಯಿಲೆಯ ಹೆಸರಿಗಿಂತ ಈ ಮಾತೇ ಕಹಿಯಾಯಿತು.

ಆದರೂ ಅವಳ ಬಾಯಿ ಸೋಲಲಿಲ್ಲ. ರಣಬಿಸಿಲಲ್ಲಿ ಕೊಡೆ ಹಿಡಿದು ಹೋಗುವವಳನ್ನು ಯಾರಾದರೂ “ಮಳೆ ಎಲ್ಲಮ್ಮ?” ಎಂದು ಕೇಳಿದರೆ, “ಬರುತ್ತೆ, ನೀವೂ ಹಿಡ್ಕೊಳ್ಳಿ” ಅನ್ನುತ್ತಿದ್ದಳು. ನಾನೋ ನಿವೃತ್ತ ಸಂಸ್ಕೃತ ಮೇಷ್ಟ್ರು, ಸೂರ್ಯನಿಂದಲೇ ಆರೋಗ್ಯ ಎಂದು ಜೀವನವಿಡೀ ಪಾಠ ಹೇಳಿದವನು. “ಎಳೆಬಿಸಿಲಿಗೆ ಒಂಚೂರು ನಿಂತ್ಕೊಂಡ್ರೆ ಏನೂ ಆಗಲ್ಲ ಕಣೆ” ಎಂದು ಶುರುಮಾಡಿದೆ.

“ಮಾಮ, ನಿಮ್ಮ ಸೂರ್ಯಂಗೂ ನಂಗೂ ಸದ್ಯಕ್ಕೆ ಮಾತಿಲ್ಲ” ಎಂದಳು. ನಾನೇ ಹೋಗಿ ಅವಳ ಕೊಡೆ ತಂದುಕೊಟ್ಟೆ.

ವಸಂತಿ ಮಾತ್ರ ಸೂರ್ಯನೊಂದಿಗೆ ರಾಜಿಗೆ ಹೊರಟಳು. ಮಗಳು ಗುಣವಾಗಲಿ, ಪ್ರತಿ ಭಾನುವಾರ ಅವಳ ಕೈಲಿ ಉಪ್ಪು, ಎಣ್ಣೆ, ತುಪ್ಪ ಬಿಡಿಸಿ ಒಪ್ಪತ್ತು ಮಾಡಿಸುತ್ತೇನೆ ಎಂದು ಹರಕೆ ಹೊತ್ತಳು. ವಿಟಮಿನ್ನೂ ಸೂರ್ಯನ ಬಾಬತ್ತೇ ತಾನೆ ಎಂದು ಪುಡಿಯನ್ನೂ ಅವತ್ತಿಗೇ ಇಟ್ಟಳು. ಬೆಳಿಗ್ಗೆ ದೇವರ ಮುಂದೆ, ನೀರಿನಲ್ಲಿ ಕದಡಿ, ತೀರ್ಥದ ಹಾಗೆ, ಖಾಲಿ ಹೊಟ್ಟೆಗೆ. ತಿಂಗಳುಗಳು ಕಳೆದ ಮೇಲೆ ರಕ್ತಪರೀಕ್ಷೆ ಮಾಡಿಸಿದರೆ ವಿಟಮಿನ್ ಇದ್ದಲ್ಲೇ ಇತ್ತು.

“ಪುಡಿ ಬಿಟ್ಟಿದೀಯೇನಮ್ಮ?” ಎಂದು ಡಾಕ್ಟರು ಅನಘಾಳನ್ನು ಕೇಳಿದರು.

“ಒಂದು ವಾರಾನೂ ಬಿಟ್ಟಿಲ್ಲ ಮೇಡಂ.”

“ಏನು ತಿಂದು ತಗೊಳ್ತೀಯ? ಜಿಡ್ಡಿನ ಊಟದ ಜೊತೆ ಹೋದ್ರೆ ಅದು ಮೈಗೆ ಚೆನ್ನಾಗಿ ಹತ್ತುತ್ತೆ.”

ವಸಂತಿಯ ಮುಖ ಬಿಳಿಚಿತು. ಜೊತೆಗಿದ್ದ ನಾನು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ. ಅನಘಾ ಮಾತ್ರ ತಾಯಿಯ ಕಡೆ ತಿರುಗಿಯೂ ನೋಡದೆ, “ನಾನೇ ಖಾಲಿ ಹೊಟ್ಟೇಲಿ ತಗೊಳ್ತಿದ್ದೆ ಮೇಡಂ. ಸರಿ ಮಾಡ್ಕೊತೀನಿ” ಎಂದಳು. ಆ ವಯಸ್ಸಿನಲ್ಲಿ ನನಗೆ ಅಷ್ಟು ದೊಡ್ಡ ಮನಸ್ಸು ಇರಲಿಲ್ಲ. ಈಗಲೂ ಇದೆಯೋ ಇಲ್ಲವೋ.

ಅವರನ್ನು ಊರಿಗೆ ಬಿಡಲು ನಾನೂ ಹತ್ತಿದ ಭದ್ರಾವತಿ ಬಸ್ಸಿನಲ್ಲಿ ವಸಂತಿ ಬಿಕ್ಕತೊಡಗಿದಳು. “ದೇವರಿಗೆ ಹೇಳ್ಕೊಂಡಿದ್ದು ಹೆಂಗೆ ಬಿಡ್ಲಿ? ಬಿಟ್ಟು ಇವಳಿಗೇನಾದ್ರೂ ಆದ್ರೆ?”

ಇದಕ್ಕೆ ಪ್ರಾಯಶ್ಚಿತ್ತ ಏನಿದೆ ಎಂದು ನಾನು ತಲೆ ಕೆರೆದುಕೊಳ್ಳುತ್ತಿರುವಾಗಲೇ ಅನಘಾ ಹೇಳಿದಳು: “ಬಿಡೋದ್ಯಾಕೆ? ಹರಕೆ ಹೊತ್ತಿದ್ದು ನೀನು. ಒಪ್ಪತ್ತು ನೀನು ಮಾಡು, ತುಪ್ಪ ನಾನು ತಿಂತೀನಿ ಮಾರಾಯ್ತಿ!” ಅಳುತ್ತಿದ್ದ ವಸಂತಿಗೆ ನಗು ಬಂದುಬಿಟ್ಟಿತು.

ಅಂದಿನಿಂದ ಪುಡಿ ಊಟದ ಜೊತೆಗೆ ಬಂತು. ಸ್ಟೀರಾಯ್ಡೂ ಕ್ರಮೇಣ ಇಳಿಯಿತು. ಯಾವುದರಿಂದ ಎಷ್ಟು ಗುಣವೆಂದು ಡಾಕ್ಟರು ಬಿಡಿಸಿ ಹೇಳಲಿಲ್ಲ. ವಸಂತಿಯಂತೂ ಒಂದು ಭಾನುವಾರವನ್ನೂ ತಪ್ಪಿಸಿಲ್ಲ. ಹೋದ ಭಾನುವಾರಕ್ಕೆ ಎರಡು ದಿನ ಮೊದಲು ಹೊಸ ಸ್ಕ್ಯಾನ್ ನೋಡಿದ ಡಾಕ್ಟರು, “ಇನ್ನು ಕುಣೀಬಹುದು. ಹೆದರ್ಕೊಂಡು ಕುಣೀಬೇಡ” ಎಂದರಂತೆ.

ಆ ಭಾನುವಾರ ಬಿಸಿಲಿಳಿದ ಮೇಲೆ ಅನಘಾ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ನಮ್ಮ ನಡುಮನೆಯಲ್ಲಿ ನಿಂತಳು. ಪಾದ ಎತ್ತಿದಳು, ಮೆಲ್ಲಗೆ ಇಟ್ಟಳು. ಸದ್ದೇ ಬರಲಿಲ್ಲ. ಮತ್ತೊಮ್ಮೆ ಇಟ್ಟಳು. “ಹುಷಾರು” ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ವಸಂತಿ ನನ್ನ ಕೈ ಹಿಡಿದಳು.

“ಸುಮ್ನಿರಣ್ಣ” ಎಂದವಳೇ ಮಗಳ ಕಡೆ ತಿರುಗಿ ಗದರಿದಳು: “ಕೇಳಿಸ್ತಾನೇ ಇಲ್ವಲ್ಲೇ! ಜೋರಾಗಿ ತಟ್ಟು.”

ಅನಘಾ ತಟ್ಟಿದಳು.