ಚನ್ನಪಟ್ಟಣದ ಅರಗಿನಲ್ಲಿ ಒಂದು ಜರ್ಮನ್ ಹಳ್ಳಿ

ಮರ ಸರಿಯಾಗಿ ಒಣಗದೆ ಸೀಳು ಬಿಡಬಹುದಿತ್ತು. ಅರಗಿನ ಬಣ್ಣ ದಾರಿಯ ಬಿಸಿಗೆ ಮೆತ್ತಗಾಗಿ ಬೊಂಬೆ ಕುರಿಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳಬಹುದಿತ್ತು. ಪೆಟ್ಟಿಗೆ ಬೇರಾವುದೋ ದೇಶ ಸೇರಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಅಲ್ಲಿಯವರು ಅದನ್ನು ನೋಡಿ ‘ಇದು ನಮ್ಮೂರಲ್ಲ’ ಎಂದುಬಿಡಬಹುದಿತ್ತು. ನನ್ನ ನಿದ್ದೆ ಕೆಡಿಸಿದ್ದು ಈ ಕೊನೆಯದೇ.

ಚನ್ನಪಟ್ಟಣದಲ್ಲಿ ನಮ್ಮದು ಬೊಂಬೆ ಮಾಡುವ ಸಣ್ಣ ಕಾರ್ಖಾನೆ. ಹಿಂದೊಮ್ಮೆ ಮೈಸೂರಿಗೆ ಹೋಗುವಾಗ ನಮ್ಮಲ್ಲಿ ಬೊಂಬೆ ಕೊಂಡಿದ್ದ ಜರ್ಮನಿಯ ಮೇಡಂ ಒಬ್ಬರು, ತಮ್ಮ ಹಳ್ಳಿಯನ್ನು ಇದ್ದ ಹಾಗೇ ಮರದಲ್ಲಿ ಮಾಡಿಕೊಡಿ ಎಂದು ನಕ್ಷೆ, ಫೋಟೊ ಕಳಿಸಿದ್ದರು.

ಫೋಟೊದಲ್ಲಿ ಮರಳು ನೆಲ, ಮೊಣಕಾಲೆತ್ತರದ ಪೊದೆ, ನಡುನಡುವೆ ನೆಟ್ಟಗೆ ನಿಂತ ಜೂನಿಪರ್ ಮರಗಳು. ನಮ್ಮ ಸಾತನೂರು ಕಡೆಯ ಬೋರೆಯಂತೆಯೇ, ಬಂಡೆಗಳಿಲ್ಲ, ಅಷ್ಟೆ. ಕಪ್ಪು ಮೋರೆಯ ಕುರಿಗಳು ಮೇಯುವುದು ನಿಂತರೆ ಆ ಬಯಲೆಲ್ಲ ಕಾಡಾಗಿಬಿಡುತ್ತದಂತೆ. ಕೆಂಪು ಇಟ್ಟಿಗೆಯ ಮನೆಗಳು, ಹುಲ್ಲಿನ ಸೂರು, ಸುತ್ತ ಓಕ್ ಮರ. ನಮಗೆ ಶ್ರಾವಣ ಬರುವ ಹೊತ್ತಿಗೆ ಅಲ್ಲಿ ಪೊದೆಗಳೆಲ್ಲ ಹೂ ಬಿಟ್ಟು ನೆಲವೇ ನೇರಳೆಯಾಗುತ್ತದೆ. ಆ ನೇರಳೆ ನನ್ನ ಕೈಗೆ ಹತ್ತಲೇ ಇಲ್ಲ. ಕೊನೆಗೆ ನನ್ನ ಹೆಂಡತಿ ಹಿತ್ತಲಿನ ಬದನೆ ಗಿಡ ತೋರಿಸಿ, “ಈ ಹೂ ನೋಡ್ಕೊಂಡು ಬಣ್ಣ ಕಲ್ಸಿ. ಮೊದ್ಲು ಊಟ ಮಾಡಿ, ಮರದ್ ಕುರಿ ಅಷ್ಟರಲ್ಲಿ ಸತ್ತೋಗಲ್ಲ” ಎಂದಳು.

ಪೆಟ್ಟಿಗೆ ತಲುಪಿದ ದಿನ ಮೇಡಂ ವಿಡಿಯೊ ಕಾಲ್ ಮಾಡಿದರು. ನಾವೆಲ್ಲ ಒಂದು ಫೋನಿಗೆ ಮುತ್ತಿಕೊಂಡೆವು. ಅತ್ತ ಊರಿನ ಜನ ನಾವು ಹಳ್ಳಿ ಕೂರಿಸಿದ್ದ ಹಲಗೆಯ ಮೇಲೆ ಬಗ್ಗಿದ್ದರು. ಒಬ್ಬ ಮುದುಕ ಜೂನಿಪರ್‌ಗಳ ನಡುವಿನ ದಾರಿಯಲ್ಲಿ ಬೆರಳನ್ನೇ ನಡೆಸಿಕೊಂಡು ಕುರಿದೊಡ್ಡಿಯವರೆಗೂ ಹೋದ. ಒಬ್ಬೊಬ್ಬರೂ ತಂತಮ್ಮ ಮನೆ ಹುಡುಕಿ ಮುಟ್ಟಿದರು. ಎಂದೂ ಕಾಲಿಡದ ಊರೊಂದನ್ನು ನಮ್ಮ ಕೈಗಳು ಸರಿಯಾಗಿ ಕಂಡಿದ್ದವು. ನನ್ನ ಎದೆ ಎಷ್ಟು ಉಬ್ಬಿತೆಂದರೆ, ಅಂಗಿಯ ಗುಂಡಿ ಕಿತ್ತುಹೋದರೇನು ಗತಿ ಎಂಬ ಹೊಸ ಚಿಂತೆ ಶುರುವಾಯಿತು.

ಆಗ ಅಜ್ಜಿಯೊಬ್ಬರು ಏನೋ ಕೇಳಿದರು. ಮೇಡಂ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು: ಅಜ್ಜಿಯ ಮನೆ ಬಾಗಿಲು ಬೀದಿಗೆ, ದಕ್ಷಿಣಕ್ಕೆ ಇದೆ, ಇಲ್ಲಿ ಪೂರ್ವಕ್ಕೆ ಹೋಗಿದೆಯಲ್ಲ?

ಮನೆಗಳನ್ನು ಹಲಗೆಗೆ ಕೂರಿಸಿದ್ದ ನಮ್ಮ ಹಳೆಯ ಕೆಲಸಗಾರ್ತಿ ಅಕ್ಕನ ಕಡೆ ತಿರುಗಿದೆ.

“ನಾನೇ ಕಣಪ್ಪ ತಿರುಗ್ಸಿದ್ದು. ಅದೊಂದೇ ಮನೆ ತೆಂಕ್ಲಾಗಿ ಬಾಗ್ಲು ಮಡೀಕಂಡಿತ್ತು. ಹಂಗ್ ಮಡಗಿದ್ರೆ ಆ ಮನೇರು ಉದ್ಧಾರ ಆದಾರಾ? ಒಸಿ ಮೂಡ್ಲಾಗಿ ತಿರುಗ್ಸಿ ಗಮ್ ಹಾಕ್ಬುಟ್ಟೆ.”

ನನ್ನ ಹರಕು ಇಂಗ್ಲಿಷಿನಲ್ಲಿ ಇದನ್ನು ಹೇಗೋ ದಾಟಿಸಿದೆ. ಅಜ್ಜಿ ಜೋರಾಗಿ ನಕ್ಕರು. ಅವರ ಚಳಿ ದೇಶದಲ್ಲಿ ಬಿಸಿಲು ಬರುವುದೇ ದಕ್ಷಿಣದ ಬಾಗಿಲಿಗಂತೆ. ಆದರೂ ಇರಲಿ, ಅಂಟಿಸಿದ್ದನ್ನು ಕೀಳಬೇಡಿ ಎಂದರಂತೆ.

ಹಾಗಾಗಿ ಆ ಮರದ ಊರಿನಲ್ಲಿ ಅದೊಂದೇ ಮನೆ ಈಗಲೂ ಬೀದಿಗೆ ಪಕ್ಕೆ ತೋರಿಸಿಕೊಂಡು ನಿಂತಿದೆ.