ತಮ್ಮನಿಗಾಗಿ ಓಡಿಸಿ ನೋಡಿದ ಗಾಡಿ

ಹೊಸ ಗಾಡಿ ಉರಿಗಾಂನ ನಮ್ಮ ಶೆಡ್ಡಿಗೆ ಬಂದಾಗ ಚಳಿ ಇನ್ನೂ ಬಿಟ್ಟಿರಲಿಲ್ಲ. ಮೆಕ್ಯಾನಿಕ್ ಪೆಟ್ಟಿಗೆಯ ಮೊಳೆ ಕಿತ್ತು ಹಲಗೆ ಸರಿಸಿದ. ನಾನೊಬ್ಬನೇ ಹಿಂದಿನ ಚಕ್ರಕ್ಕೆ ಕೈಹಾಕಿ ಎತ್ತಿದೆ. ಹಳೆಯ ಮಾಡೆಲ್ಲಿಗಿಂತ ಹಗುರವಾಗಿದೆ ಎಂದು ಸೊಂಟಕ್ಕೆ ಆಗಲೇ ತಿಳಿಯಿತು.

ಅದು ಮೋಟೋಕ್ರಾಸ್ ಬೈಕು, ಮಣ್ಣಿನ ಟ್ರ್ಯಾಕಿನಲ್ಲಿ ದಿಬ್ಬ ಹಾರಿಸುತ್ತ ಓಡಿಸುವ ರೇಸಿನ ಗಾಡಿ. ಇನ್ನೂರೈವತ್ತು ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್. ಕಂಪನಿಯವರು ಆ ವರ್ಷ ಚಾಸಿಯನ್ನು ತೆಳುವಾಗಿಸಿ, ಟ್ಯಾಂಕನ್ನು ಕಿರಿದು ಮಾಡಿ, ಎಂಜಿನ್ನನ್ನೂ ಬದಲಾಯಿಸಿ ಕಳಿಸಿದ್ದರು. ನಾನು ಮೊದಲು ರೇಸಿಗೆ ಇಳಿಯುತ್ತಿದ್ದವನು. ಮಂಡಿ ಕೈಕೊಟ್ಟ ಮೇಲೆ ತಂಡದ ಗಾಡಿಗಳನ್ನು ಓಡಿಸಿ ನೋಡಿ, ಯಾವುದು ಯಾರಿಗೆ ಹೊಂದುತ್ತದೆ ಎಂದು ತಂಡದ ಯಜಮಾನರಿಗೆ ಹೇಳುವುದೇ ನನ್ನ ಕೆಲಸವಾಗಿತ್ತು. ಆಗ ತಂಡದಲ್ಲಿ ರೈಡರುಗಳು ಇಬ್ಬರು. ಒಬ್ಬಳು ಚಾಂಪಿಯನ್ ರೀಫ್ಸ್ ಎಂಬ ಚಿನ್ನದ ಗಣಿಯ ಊರಿನ ಹುಡುಗಿ, ಅಲ್ಲಿ ದುಡಿದವರ ಮೊಮ್ಮಗಳು. ಇನ್ನೊಬ್ಬ ನನ್ನ ತಮ್ಮ. ಗಾಡಿ ಸರಿಯಿದೆ ಎಂದು ನಾನು ಹೇಳಿದರೆ ಈ ಇಬ್ಬರಲ್ಲಿ ಒಬ್ಬರಿಗೆ ಅದು ಸಿಗುವುದಿತ್ತು.

ತಮ್ಮ ಹಿಂದಿನ ಮಳೆಗಾಲದ ರೇಸೊಂದರಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದ. ಒಳಗೆ ರಾಡು ಹಾಕಿದ್ದರು. ಬಂಗಾರಪೇಟೆ ಹತ್ತಿರದ ನಮ್ಮ ಊರಿನ ಮನೆಯಲ್ಲಿ ಊರುಗೋಲು ಹಿಡಿದು ಓಡಾಡುತ್ತ, ಕೂತಲ್ಲಿಂದಲೇ ಹಸುಗಳಿಗೆ ಹುಲ್ಲು ಎಳೆದು ಹಾಕುತ್ತ ತಿಂಗಳುಗಳನ್ನು ಕಳೆದ. ಊರುಗೋಲು ಬಿಟ್ಟ ದಿನದಿಂದ ಅವನ ಬಾಯಲ್ಲಿ ಒಂದೇ ಮಾತು: ಹೊಸ ಗಾಡಿ ಯಾವಾಗ ಬರುತ್ತದೆ? ಡಾಕ್ಟರು ಮೂಳೆ ಕೂಡಿದೆ ಎಂದಷ್ಟೇ ಹೇಳಿದ್ದರು. ಗಾಡಿಯಲ್ಲಿ ದಿಬ್ಬ ಹಾರುವ ವಿಚಾರ ಕೇಳಿದಾಗ, ಅದು ನಿಮಗೆ ಬಿಟ್ಟಿದ್ದು ಎಂದು ಕಾಗದದತ್ತ ನೋಡಿದ್ದರು.

ಟೆಸ್ಟಿಗೆ ಹೊರಡುವ ಬೆಳಿಗ್ಗೆ ಅಮ್ಮ ಹಾಲು ಕರೆಯುತ್ತಿದ್ದಳು. ನಾನು ಕೊಟ್ಟಿಗೆಯ ಬಾಗಿಲಿಗೆ ಬಂದರೂ ತಲೆ ಎತ್ತಲಿಲ್ಲ.

"ನೀನು ಓಡ್ಸಿ ನೋಡಿ ಯೋಳಿದ್ದನ್ನೇ ಅವ್ರು ಕೇಳೋದಂತೆ. ಔದಾ?"

"ಊಂ ಕಣಮ್ಮ."

"ಅಂಗಾದ್ರೆ ಗಾಡಿ ಸರಿಯಿಲ್ಲ ಅಂತ ಯೋಳ್ಬುಡು."

"ಸರಿಯಾಗಿದ್ರೆ?"

"ಸರಿಯಾಗಿದ್ರೂ ಯೋಳ್ಬುಡು."

"ನಾನು ಸುಳ್ಳು ಯೋಳಿದ್ರೆ ಆ ಉಡುಗಿಗೂ ಗಾಡಿ ಸಿಗಾಕಿಲ್ಲ."

"ಆ ಉಡುಗೀನ ಅವ್ರಮ್ಮ ನೋಡ್ಕೋತಾಳೆ. ನಂಗೆ ನನ್ ಮಗ." ಹಸು ಕಾಲು ಝಾಡಿಸಿತು. ಅಮ್ಮ ಅದರ ಹೊಟ್ಟೆಯ ಮೇಲೆ ಕೈಯಿಟ್ಟು ಸುಮ್ಮನಾಗಿಸಿ ಮತ್ತೆ ಕೆಚ್ಚಲಿಗೆ ಕೈಹಾಕಿದಳು. ನಾನು ಹೆಲ್ಮೆಟ್ ಎತ್ತಿಕೊಂಡು ಹೊರಟೆ.

ನಮ್ಮ ಟ್ರ್ಯಾಕು ಇದ್ದದ್ದು ಚಾಂಪಿಯನ್ ರೀಫ್ಸಿನ ಆಚೆ, ಬಾಡಿಗೆಗೆ ಹಿಡಿದ ಕೆಂಪು ನೆಲದಲ್ಲಿ. ಗಾಳಿ ಎದ್ದರೆ ಗಣಿಯ ಕಸದ ಮಣ್ಣು ಸುರಿದ ದಿಬ್ಬಗಳ ಬೂದುಪುಡಿ ಹೆಲ್ಮೆಟ್ಟಿನೊಳಕ್ಕೂ ನುಗ್ಗುತ್ತಿತ್ತು. ಮೆಕ್ಯಾನಿಕ್ ಎರಡೂ ಗಾಡಿಗಳಿಗೆ ಒಂದೇ ಬಗೆಯ ಟೈರು ಹಾಕಿ, ಒಂದೇ ಅಳತೆಗೆ ಗಾಳಿ ತುಂಬಿದ್ದ. ನಾನು ಮೊದಲು ಹಳೆಯದನ್ನು ಓಡಿಸಿ ಮೈ ಬಿಸಿ ಮಾಡಿಕೊಂಡೆ. ಆಮೇಲೆ ಹೊಸದನ್ನು ಹತ್ತಿದೆ.

"ಪಾತ್ತು ಓಟ್ಟು ತಂಬಿ," ಎಂದ ಮೆಕ್ಯಾನಿಕ್. ನೋಡ್ಕೊಂಡು ಓಡಿಸಪ್ಪ ಎಂದು ಅವನು ಪ್ರತಿ ಸಲವೂ ತಮಿಳಿನಲ್ಲೇ ಹೇಳುವುದು.

ಹಳೆಯ ಗಾಡಿಯನ್ನು ತಿರುವಿನಲ್ಲಿ ಭುಜ ಕೊಟ್ಟು ಮಲಗಿಸಬೇಕಿತ್ತು. ಇದು ನಾನು ಕತ್ತು ತಿರುಗಿಸಿದ ಕಡೆಗೆ ಆಗಲೇ ಹೊರಟಿರುತ್ತಿತ್ತು. ದಿಬ್ಬ ಹಾರಿದಾಗ ಗಾಳಿಯಲ್ಲಿ ಮಂಡಿಯಿಂದ ಸ್ವಲ್ಪ ಒತ್ತಿದರೆ ಸಾಕು, ಮೂತಿ ನೆಟ್ಟಗೆ ಇಳಿಜಾರಿಗೆ ಬರುತ್ತಿತ್ತು. ಎಷ್ಟೋ ಕಾಲದ ಮೇಲೆ ನನ್ನೊಳಗೆ ಹಳೆಯ ಖುಷಿಯೊಂದು ಎದ್ದಿತು. ಅದರ ಬೆನ್ನಲ್ಲೇ ಅಮ್ಮನ ಮಾತೂ ನೆನಪಾಯಿತು. ಈ ಗಾಡಿಯಲ್ಲಿ ಒಂದು ದೊಡ್ಡ ದೋಷ ಸಿಗಲಿ ಎಂದು ನಾನು ಹುಡುಕುತ್ತಲೇ ಓಡಿಸಿದೆ.

ಸಿಕ್ಕಿದ್ದು ಇಷ್ಟು. ಕೆಳಗಿನ ವೇಗದಲ್ಲಿ ಎಂಜಿನ್ನಿಗೆ ಎಳೆತ ಕಡಿಮೆ, ಯಾವಾಗಲೂ ಅದನ್ನು ಕೂಗಿಸುತ್ತಲೇ ಇರಬೇಕು. ಗುಂಡಿ ಬಿದ್ದ ನೇರ ದಾರಿಯಲ್ಲಿ ಮುಂದಿನ ಚಕ್ರ ಅತ್ತಿತ್ತ ಕುಣಿಯುತ್ತಿತ್ತು. ತೂಕ ಇಳಿಸಿದ ಗಾಡಿ ನೆಲಕ್ಕೆ ಅಂಟಿಕೊಂಡು ಹೋಗುವುದಿಲ್ಲ. ಮೆಕ್ಯಾನಿಕ್ ಮುಂದಿನ ಚಕ್ರದ ಧಕ್ಕೆ ತಡೆಯುವ ಫೋರ್ಕನ್ನು ಸ್ವಲ್ಪ ಮೆದುಮಾಡಿ ಕೊಟ್ಟ. ಕುಣಿತ ತಗ್ಗಿತು, ಆದರೆ ಪೂರ್ತಿ ಹೋಗಲಿಲ್ಲ. ಉಳಿದದ್ದನ್ನು ಓಡಿಸುವವರೇ ಎರಡೂ ತೊಡೆಗಳಿಂದ ಗಾಡಿಯನ್ನು ಅವುಚಿ ಹಿಡಿದು ಸುಧಾರಿಸಬೇಕಿತ್ತು. ಗೆಲ್ಲಲೆಂದೇ ಇಳಿಯುವವರಿಗೆ ಅದು ದೋಷವೇ ಅಲ್ಲ. ಗಾಡಿ ಚೆನ್ನಾಗಿತ್ತು, ನಾನು ಓಡಿಸಿದವುಗಳಲ್ಲೆಲ್ಲ ಚೆನ್ನಾಗಿತ್ತು.

ಸಂಜೆ ಮನೆಗೆ ಬಂದಾಗ ತಮ್ಮ ಜಗಲಿಯ ಮೇಲೆ ಕೂತಿದ್ದ. ಅಮ್ಮ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು.

"ಎಂಗೈತಣ್ಣಾ?"

"ಚೆನ್ನಾಗೈತೆ ಕಣ್ಲಾ. ಬೋ ಚೆನ್ನಾಗೈತೆ. ಆದ್ರೆ ಅದು ಕಾಲನ್ನ ಕೇಳ್ತದೆ. ತೊಡೇಲಿ ಬಿಗಿಯಾಗಿ ಇಡ್ಕೊಂಡೇ ಇರ್ಬೇಕು. ನಿಂಗೆ ಆಗ್ತದೋ ಇಲ್ವೋ ನಂಗೊತ್ತಿಲ್ಲ."

"ನಿಂಗೆಂಗೆ ಗೊತ್ತಾಯ್ತದೆ? ನಾನು ಓಡ್ಸಿದ್ರೆ ತಾನೆ ಗೊತ್ತಾಗೋದು," ಎಂದ. ಒಳಗೆ ಪಾತ್ರೆಯ ಸದ್ದು ನಿಂತಿತು.

ಮರುದಿನ ಅವನನ್ನು ಕರೆದುಕೊಂಡು ಹೋದೆ. ಹೊರಡುವ ಮುಂಚೆ ಅಮ್ಮ ಇಬ್ಬರಿಗೂ ಮುದ್ದೆ ಬಡಿಸಿದಳು. ಟ್ರ್ಯಾಕಿನಲ್ಲಿ ಆ ಹುಡುಗಿ ನಮಗಿಂತ ಮುಂಚೆಯೇ ಬಂದು, ಹಳೆಯ ಗಾಡಿಯಲ್ಲಿ ಸುತ್ತು ಹಾಕಿ, ಹೆಲ್ಮೆಟ್ ತೆಗೆದು ಮಣ್ಣಿನ ಮೇಲೆ ಕೂತಿದ್ದಳು. ತಮ್ಮನನ್ನು ಕಂಡು ಎದ್ದು ನಿಂತಳು.

"ಅಣ್ಣಾ, ಮೊದ್ಲು ನೀವು ಓಡ್ಸಿ. ನಾನು ಆಮೇಲೆ," ಎಂದಳು.

ನಾನು ದೊಡ್ಡ ದಿಬ್ಬದ ಪಕ್ಕ ನಿಂತೆ. ತಮ್ಮ ಮೊದಲ ಸುತ್ತನ್ನು ನಿಧಾನವಾಗಿ ತೆಗೆದ. ಎರಡನೆಯದರಲ್ಲಿ ತಿರುವಿಗೆ ಇಳಿದ ರೀತಿ ನೋಡಿ ನನ್ನ ಎದೆ ತುಂಬಿತು. ಅವನ ಹಾಗೆ ತಿರುವನ್ನು ತೆಗೆಯಲು ನನ್ನ ಒಳ್ಳೆಯ ಕಾಲದಲ್ಲೂ ನನಗೆ ಬಂದಿರಲಿಲ್ಲ. ಗಾಡಿಯೂ ಅವನೂ ಒಂದೇ ಮೈಯಾಗಿ ಹೋದರು. ದಿಬ್ಬವನ್ನು ಹಾರಿ ನನ್ನ ತಲೆಗಿಂತ ಎತ್ತರದಲ್ಲಿ ದಾಟಿದ. ಮೆಕ್ಯಾನಿಕ್ ಚಪ್ಪಾಳೆ ತಟ್ಟಿದ. ಆಚೆ ಗಾಡಿ ನೆಲ ಮುಟ್ಟಿದಾಗ ಮಾತ್ರ ಅವನ ಎಡಗಾಲು ಗಾಡಿಯಿಂದ ಸ್ವಲ್ಪ ಅಗಲಿದ್ದನ್ನು ನಾನು ಕಂಡೆ.

ಮುಂದಿನ ಸುತ್ತಿನಲ್ಲೂ ಹಾರಿದ. ಕಾಲು ಮತ್ತೆ ಅಗಲಿತು. ಗುಂಡಿಗಳ ನೇರ ದಾರಿಯಲ್ಲಿ ಮುಂದಿನ ಚಕ್ರ ಕುಣಿದಾಗ ಗಾಡಿ ಓರೆಯಾಗಿ ಬೇಲಿಯ ಕಡೆಗೆ ಎಳೆಯಿತು. ಹೇಗೋ ಸಂಭಾಳಿಸಿದ. ಅದರ ಮುಂದಿನ ಸುತ್ತಿನಲ್ಲಿ ದಿಬ್ಬದ ಬುಡಕ್ಕೆ ಬರುತ್ತಲೇ ಎಂಜಿನ್ನಿನ ಕೂಗು ಇಳಿಯಿತು. ಅವನು ಹಾರಲಿಲ್ಲ. ದಿಬ್ಬವನ್ನು ಹತ್ತಿ, ಅದರ ನೆತ್ತಿಯ ಮೇಲೆ ಗಾಡಿಯನ್ನು ನಿಧಾನಕ್ಕೆ ಉರುಳಿಸಿಕೊಂಡು, ನನ್ನ ಮುಂದೆಯೇ ಇಳಿದು ಹೋದ. ನನ್ನ ಕಡೆ ನೋಡಲಿಲ್ಲ.

ನಾನು ಕೈ ಬೀಸಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅದು ಅವನೇ ತೀರ್ಮಾನಿಸಬೇಕಾದದ್ದು ಎನ್ನಿಸಿತು.

ಇನ್ನೊಂದು ಸುತ್ತು ಮುಗಿಸಿ ಅವನೇ ಬಂದು ನಿಂತ. ಎಂಜಿನ್ ಆರಿಸಿದ. ಬಲಗಾಲಿನ ಮೇಲೆ ಭಾರ ಹಾಕಿ ಇಳಿದ. ಹೆಲ್ಮೆಟ್ ತೆಗೆದ ಮುಖದ ತುಂಬ ಬೆವರು, ಬೂದುಪುಡಿ.

"ಗಾಡಿ ಸರಿಯಾಗೈತೆ ಕಣಣ್ಣಾ," ಎಂದ. "ನಾನೇ ಸರಿಯಿಲ್ಲ."

"ಇನ್ನೊಂದಷ್ಟು ದಿನ ಓಗ್ಲಿ..."

"ಬ್ಯಾಡ. ದಿಬ್ಬದ ಬುಡಕ್ಕೆ ಬಂದಾಗ ನಂಗೆ ಭಯ ಆಯ್ತು. ನೋವಾದ್ರೆ ತಡ್ಕೋಬೋದಾಗಿತ್ತು. ಭಯ ಇಟ್ಕೊಂಡು ಇದನ್ನ ಓಡ್ಸಕ್ಕಾಗಲ್ಲ."

ಆಮೇಲೆ ಅವನೇ ಗಾಡಿಯನ್ನು ತಳ್ಳಿಕೊಂಡು ಹೋಗಿ ಹುಡುಗಿಯ ಮುಂದೆ ನಿಲ್ಲಿಸಿದ.

"ತಗೋಮ್ಮ. ಗುಂಡಿ ದಾರೀಲಿ ಇಂದಕ್ಕೆ ಕೂತ್ಕೋ, ತೊಡೆ ಸಡ್ಲ ಬುಡ್ಬ್ಯಾಡ."

ಅವಳು ತಲೆಯಾಡಿಸಿ ಹೆಲ್ಮೆಟ್ ಹಾಕಿಕೊಂಡಳು. ಅಂದು ಅವಳು ಓಡಿಸಿದ್ದನ್ನು ನಾನು ಸರಿಯಾಗಿ ನೋಡಲೇ ಇಲ್ಲ. ಚೆನ್ನಾಗಿ ಓಡಿಸಿದಳೆಂದು ಮೆಕ್ಯಾನಿಕ್ ಹೇಳಿದ. ತಂಡದ ಯಜಮಾನರಿಗೆ ಫೋನು ಮಾಡಿ, ಗಾಡಿ ಒಳ್ಳೆಯದಿದೆ, ಆ ಹುಡುಗಿಗೆ ಕೊಡಿ ಎಂದೆ. ತಮ್ಮನ ವಿಚಾರ ಕೇಳಿದರು. ಅವನೇ ಹೇಳುತ್ತಾನೆ ಎಂದು ಫೋನು ಅವನ ಕೈಗೆ ಕೊಟ್ಟೆ.

ಅಮ್ಮನಿಗೆ ನೆಮ್ಮದಿಯಾಗುತ್ತದೆ ಎಂದುಕೊಂಡಿದ್ದೆ. ತಮ್ಮ ತಿಂಗಳುಗಟ್ಟಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಾಗ ಅವಳು ಊಟದ ತಟ್ಟೆ ಹಿಡಿದು ಬಾಗಿಲಲ್ಲೇ ನಿಲ್ಲುತ್ತಿದ್ದಳು. ಒಮ್ಮೆ ನನ್ನ ಬಳಿ ಬಂದು, "ನಾನು ಕೇಳ್ಕೊಂಡಂಗೇ ಆಯ್ತು. ಇಂಗಾಯ್ತದೆ ಅಂತ ನಂಗೇನ್ ಗೊತ್ತಿತ್ತು ಮಗಾ," ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ತಮ್ಮ ಎದ್ದದ್ದು ಬೇಸಿಗೆ ಕಳೆದ ಮೇಲೆ. ಯಾರೂ ಕರೆಯಲಿಲ್ಲ. ಒಂದು ಬೆಳಿಗ್ಗೆ ತಾನಾಗಿಯೇ ಹಾಲಿನ ಕ್ಯಾನು ಡೈರಿಗೆ ಹಾಕಿ ಬಂದು, ಅಂಗಿ ಬದಲಿಸಿ, "ಅಣ್ಣಾ, ಟ್ರ್ಯಾಕ್ ಕಡೆ ಬತ್ತೀನಿ," ಎಂದ. ಆಮೇಲಿಂದ ಹುಡುಗಿಗೆ ಅಭ್ಯಾಸ ಮಾಡಿಸುವವನು ಅವನೇ ಆದ. ಬೈಯುತ್ತಾನೆ, ಹೊಗಳುವುದು ಕಡಿಮೆ. ಗಾಡಿಯನ್ನು ತಾನು ಹತ್ತುವುದಿಲ್ಲ.

ಈ ವರ್ಷದ ಮೊದಲ ರೇಸಿನಲ್ಲಿ ಅವಳು ಮೂರನೆಯವಳಾಗಿ ಬಂದಳು. ರೇಸು ಮುಗಿಸಿ ನಾನೂ ತಮ್ಮನೂ ರೈಲಿನಲ್ಲಿ ಬಂಗಾರಪೇಟೆಗೆ ಬಂದು, ಸ್ಟೇಷನ್ನಿನ ಹೊರಗೆ ಟೀ ಕುಡಿಯುತ್ತ ನಿಂತಿದ್ದೆವು. ಅವನು ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದ:

"ಅಣ್ಣಾ, ನೀನು ರೇಸ್ ಬುಟ್ಟಾಗ, ಮರೆಯಾಕೆ ಎಷ್ಟು ದಿನ ಆಯ್ತು?"

ಸಮಾಧಾನದ ಮಾತೊಂದನ್ನು ಹೇಳಲು ಬಾಯಿ ತೆರೆದೆ. ಆಗಲಿಲ್ಲ.

"ಇನ್ನೂ ಮರ್ತಿಲ್ಲ ಕಣ್ಲಾ," ಎಂದೆ.

ಅವನು ತಲೆಯಾಡಿಸಿದ. ಆ ಉತ್ತರ ಅವನಿಗೆ ಸಾಕಾದಂತೆ ಕಂಡಿತು. ಇನ್ನೊಂದೊಂದು ಟೀ ಹೇಳಿದ.